ಕೈರೋಪ್ರಾಕ್ಟರ್ ಬಳಿ ಹೋಗುವ ಮುನ್ನ ನೋಡಬೇಕಾದದ್ದು

ಕ್ಷೌರ ಮುಗಿದ ಮೇಲೆ ತಲೆಗೆ ನಾಲ್ಕು ಏಟು ತಟ್ಟಿ, ಗದ್ದ ಹಿಡಿದು ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ ಲಟಿಕೆ ತೆಗೆಯುವುದು ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಉಪಚಾರ. 2024ರ ಸೆಪ್ಟೆಂಬರ್‌ನಲ್ಲಿ ಯುವಕರೊಬ್ಬರು ಇಂಥದೇ ಉಪಚಾರದ ನಂತರ ಪಾರ್ಶ್ವವಾಯುವಿಗೆ ತುತ್ತಾಗಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ದಾಖಲಾದ ಸುದ್ದಿ ಪತ್ರಿಕೆಗಳಲ್ಲಿ ಬಂತು; ಕತ್ತಿನ ರಕ್ತನಾಳದ ಒಳಪದರ ಹರಿದು ಮಿದುಳಿಗೆ ಸಾಗುವ ರಕ್ತ ಕಡಿಮೆಯಾಗಿತ್ತು. ಸುದ್ದಿ ಓದಿದವರು ಕೆಲವು ದಿನ ಕ್ಷೌರದಂಗಡಿಯಲ್ಲಿ ಕತ್ತು ಮುಟ್ಟಗೊಡಲಿಲ್ಲ. ಆದರೆ ಅದೇ ಜನರ ಫೋನಿನಲ್ಲಿ ಬೆನ್ನಿಗೆ ಮೈಕ್ ಹಿಡಿದು, ಮೂಳೆಗಳ ಲಟಲಟ ಸದ್ದನ್ನು ದೊಡ್ಡದಾಗಿ ಕೇಳಿಸುವ ಕೈರೋಪ್ರಾಕ್ಟಿಕ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುವ ಚಿಕಿತ್ಸೆ) ವೀಡಿಯೊಗಳು ಎಂದಿನಂತೆ ಓಡುತ್ತಲೇ ಇದ್ದವು. ಆ ವೀಡಿಯೊ ನೋಡಿ ಸೊಂಟನೋವಿಗೋ ಕತ್ತುನೋವಿಗೋ ಒಬ್ಬ ಕೈರೋಪ್ರಾಕ್ಟರನ್ನು ಹುಡುಕಲು ಹೊರಟವರು ಏನನ್ನು ವಿಚಾರಿಸಬೇಕು, ಏಕೆ ವಿಚಾರಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕೈರೋಪ್ರಾಕ್ಟಿಕ್ ಎಂಬ ಹೆಸರು ಗ್ರೀಕ್ ಮೂಲದ್ದು. ಕೈಯಿಂದ ಮಾಡಿದ್ದು ಎಂದು ಅದರ ಅರ್ಥ. ಕನ್ನಡದಲ್ಲಿ ಬರೆದಾಗ ಮೊದಲ ಅಕ್ಷರವೇ 'ಕೈ' ಆಗುವುದು ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ. ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಪಟ್ಟಣದಲ್ಲಿ ಅಯಸ್ಕಾಂತ ಚಿಕಿತ್ಸೆ ನಡೆಸುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್, 1895ರ ಸೆಪ್ಟೆಂಬರ್‌ನಲ್ಲಿ ಕಿವಿ ಮಂದವಾಗಿದ್ದ ಹಾರ್ವೆ ಲಿಲ್ಲಾರ್ಡ್ ಎಂಬವರ ಬೆನ್ನುಮೂಳೆಯನ್ನು ಒತ್ತಿ ಸರಿಪಡಿಸಿದಾಗ ಅವರಿಗೆ ಮತ್ತೆ ಕೇಳಿಸತೊಡಗಿತೆಂಬುದು ಈ ಪದ್ಧತಿಯ ಹುಟ್ಟಿನ ಕಥೆ. ಕಿವಿಯ ನರ ತಲೆಬುರುಡೆಯ ಒಳಗೇ ಮಿದುಳನ್ನು ಸೇರುತ್ತದೆಯೇ ಹೊರತು ಬೆನ್ನಿನ ಕಡೆಗೆ ಇಳಿಯುವುದಿಲ್ಲ ಎಂಬುದನ್ನು ಬಲ್ಲ ಯಾರಿಗಾದರೂ ಈ ಕಥೆ ಕೇಳಿ ಹುಬ್ಬೇರುವುದು ಸಹಜ. ಪಾಮರ್ ಮಾತ್ರ ಅದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದರು: ಬೆನ್ನುಮೂಳೆಯ ಮಣಿಗಳು ತುಸು ಜರುಗಿ ನರಗಳನ್ನು ಒತ್ತುವುದೇ ಬಹುಪಾಲು ರೋಗಗಳಿಗೆ ಕಾರಣವೆಂದೂ, ಆ ಜರುಗುವಿಕೆಯನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನಾಗಿ ಗುಣವಾಗುತ್ತದೆಂದೂ ಅವರು ವಾದಿಸಿದರು. ಈ ಜರುಗುವಿಕೆಗೆ ಅವರ ಪರಂಪರೆ ಕೊಟ್ಟ ಹೆಸರು ಸಬ್‌ಲಕ್ಸೇಶನ್.

ಇತಿಹಾಸವನ್ನು ಇಷ್ಟಾದರೂ ಹೇಳಲೇಬೇಕಾಯಿತು, ಏಕೆಂದರೆ ಆ ಪರಂಪರೆ ಬಹಳ ಬೇಗ ಎರಡು ಕವಲಾಯಿತು. ಇಂದಿಗೂ ಒಂದೇ ಪದವಿ ಪಡೆದ ಇಬ್ಬರು ಕೈರೋಪ್ರಾಕ್ಟರುಗಳು ಒಂದೇ ರೋಗಿಗೆ ಪೂರ್ತಿ ಬೇರೆ ಮಾತು ಹೇಳಲು ಈ ಕವಲೇ ಕಾರಣ. ಪಾಮರ್ ಸಿದ್ಧಾಂತಕ್ಕೆ ಅಂಟಿಕೊಂಡವರನ್ನು ಸ್ಟ್ರೇಟ್ ಎಂದೂ, ವೈದ್ಯವಿಜ್ಞಾನದ ತಿಳಿವು, ವ್ಯಾಯಾಮ ಮತ್ತಿತರ ಉಪಚಾರಗಳನ್ನು ಬೆರೆಸಿಕೊಂಡವರನ್ನು ಮಿಕ್ಸರ್ ಎಂದೂ ಅಮೆರಿಕದಲ್ಲಿ ಕರೆಯುತ್ತಾರೆ. ಮೊದಲನೆಯವರು ಸಬ್‌ಲಕ್ಸೇಶನ್ ಹುಡುಕುತ್ತಾರೆ; ಎರಡನೆಯವರಲ್ಲಿ ಹೆಚ್ಚಿನವರು ಸೊಂಟ, ಕತ್ತು, ಕೀಲುಗಳ ನೋವನ್ನಷ್ಟೇ ತಮ್ಮ ಕೆಲಸವೆಂದು ಭಾವಿಸುತ್ತಾರೆ. ಬ್ರಿಟನ್ನಿನಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್, ಸಬ್‌ಲಕ್ಸೇಶನ್ ಎಂಬುದು ಚಾರಿತ್ರಿಕ ಪರಿಕಲ್ಪನೆಯೆಂದೂ, ಅದು ರೋಗಕ್ಕೆ ಕಾರಣವೆಂದು ಹೇಳಿಕೊಳ್ಳಲು ಸಂಶೋಧನೆಯ ಆಧಾರವಿಲ್ಲವೆಂದೂ 2010ರಲ್ಲೇ ತನ್ನ ಸದಸ್ಯರಿಗೆ ತಿಳಿಸಿತು. ಕೈರೋಪ್ರಾಕ್ಟರನ್ನು ಆರಿಸುವುದೆಂದರೆ ಪದವಿಯ ಜೊತೆಗೆ ಈ ಎರಡು ಕವಲುಗಳಲ್ಲಿ ಅವರು ಯಾವುದಕ್ಕೆ ಸೇರಿದವರು ಎಂಬುದನ್ನೂ ತಿಳಿಯುವುದು.

ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಗೊತ್ತಿದ್ದರೆ ಉತ್ಪ್ರೇಕ್ಷೆಯನ್ನು ಗುರುತಿಸುವುದು ಸುಲಭ. ಲಟ್ಟೆಂಬ ಸದ್ದು ಬಂದಾಗ ಜಾರಿದ ಮೂಳೆ ಸ್ವಸ್ಥಾನಕ್ಕೆ ಮರಳಿತೆಂದು ರೋಗಿಗಳು ನಂಬುತ್ತಾರೆ, ಕೆಲವು ಚಿಕಿತ್ಸಕರು ನಂಬಿಸುತ್ತಾರೆ. ನಿಜವಾಗಿ ಅದು ಬೆರಳಿನ ಲಟಿಕೆಯ ಸದ್ದೇ: ಕೀಲಿನ ಎರಡು ಮೇಲ್ಮೈಗಳು ಥಟ್ಟನೆ ದೂರ ಸರಿದಾಗ ಅವುಗಳ ನಡುವಿನ ದ್ರವದಲ್ಲಿ ಒತ್ತಡ ಕುಸಿದು ಅನಿಲದ ಕುಳಿ ಉಂಟಾಗುತ್ತದೆ. ಸದ್ದು ದೊಡ್ಡದಾದ ಮಾತ್ರಕ್ಕೆ ಗುಣ ಹೆಚ್ಚಾಗುವುದಿಲ್ಲ. ಸೊಂಟನೋವು ಶುರುವಾಗಿ ಆರು ವಾರದೊಳಗಿನ ರೋಗಿಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬೆನ್ನುಮೂಳೆಯನ್ನು ಹೀಗೆ ಕೈಯಿಂದ ಒತ್ತಿ ಸಡಿಲಿಸುವ ಚಿಕಿತ್ಸೆಯಿಂದ ನೋವು 100 ಅಂಕದ ಮಾಪಕದಲ್ಲಿ ಸುಮಾರು 10 ಅಂಕದಷ್ಟು ಇಳಿಯುತ್ತದೆ. ಇದು ಪವಾಡವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ನೋವಿನ ಮಾತ್ರೆಗಳಿಂದ ಸಿಗುವ ಉಪಶಮನವೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ಬ್ರಿಟನ್ನಿನ 2016ರ ಮಾರ್ಗಸೂಚಿ ಈ ಚಿಕಿತ್ಸೆಯನ್ನು ಒಪ್ಪುತ್ತದೆಯಾದರೂ ವ್ಯಾಯಾಮದ ಜೊತೆಗೂಡಿದ್ದರೆ ಮಾತ್ರ ಎಂಬ ಷರತ್ತು ಹಾಕುತ್ತದೆ. ಅಸ್ತಮಾ, ರಕ್ತದೊತ್ತಡ, ಮಧುಮೇಹ, ಥೈರಾಯ್ಡ್, ಬಂಜೆತನ, ಮಕ್ಕಳ ಹೊಟ್ಟೆಶೂಲೆ ಇತ್ಯಾದಿಗಳಿಗೆ ಇದರಿಂದ ಪ್ರಯೋಜನವಿದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಹೊಸದಾಗಿ ಬಂದ ಸೊಂಟನೋವು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಹಾಗೆ ಇಳಿಯುವ ಹೊತ್ತಿನಲ್ಲಿ ಯಾರ ಕೈ ಬೆನ್ನಿನ ಮೇಲಿತ್ತೋ ಅವರಿಗೆ ಕೈಗುಣದ ಹೆಸರು ಬರುತ್ತದೆ. ನಾಟಿ ಮೂಳೆವೈದ್ಯರಿಗೂ ದುಬಾರಿ ಕ್ಲಿನಿಕ್ಕಿಗೂ ಇದು ಸಮಾನವಾಗಿ ಒದಗಿಬರುವ ಅದೃಷ್ಟ.

ಇನ್ನು ಅರ್ಹತೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಪೂರ್ಣಪ್ರಮಾಣದ ಕೈರೋಪ್ರಾಕ್ಟಿಕ್ ಶಿಕ್ಷಣ 4,200 ಗಂಟೆಗಳಿಗೆ ಕಡಿಮೆಯಿರಬಾರದು; ಅದರಲ್ಲಿ ಕನಿಷ್ಠ 1,000 ಗಂಟೆ ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡಿ ಕಲಿತದ್ದಾಗಿರಬೇಕು. ಅಮೆರಿಕದಲ್ಲಿ ಕಾಲೇಜಿನ ಕೆಲವು ವರ್ಷಗಳ ಓದಿನ ನಂತರ ಸಾಮಾನ್ಯವಾಗಿ ನಾಲ್ಕು ವರ್ಷಗಳ ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಪದವಿ, ರಾಷ್ಟ್ರಮಟ್ಟದ ಮಂಡಳಿಯ ಹಂತಹಂತದ ಪರೀಕ್ಷೆಗಳು, ಅನಂತರ ಆಯಾ ರಾಜ್ಯದ ಪರವಾನಗಿ. ಪರವಾನಗಿಯ ಕಾನೂನನ್ನು ಮೊದಲು ತಂದದ್ದು 1913ರಲ್ಲಿ ಕಾನ್ಸಾಸ್, ಕೊನೆಗೆ ತಂದದ್ದು 1974ರಲ್ಲಿ ಲೂಯಿಸಿಯಾನ. ಬ್ರಿಟನ್ನಿನಲ್ಲಿ 1994ರ ಕೈರೋಪ್ರಾಕ್ಟರ್ಸ್ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದವರು ಆ ಹೆಸರನ್ನು ಬಳಸುವುದೇ ಅಪರಾಧ. ಆಸ್ಟ್ರೇಲಿಯಾದಲ್ಲಿ ಹಲವು ಆರೋಗ್ಯ ವೃತ್ತಿಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಡಿಯೇ ಕೈರೋಪ್ರಾಕ್ಟಿಕ್ ಮಂಡಳಿಯೂ ಇದೆ. ಆದ್ದರಿಂದ ಡಲ್ಲಾಸ್, ಲಂಡನ್, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೊದಲ ಹೆಜ್ಜೆ ಸರಳ: ಆಯಾ ಮಂಡಳಿಯ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಹಾಕಿ, ಪರವಾನಗಿ ಚಾಲ್ತಿಯಲ್ಲಿದೆಯೇ, ಅದಕ್ಕೆ ಷರತ್ತುಗಳಿವೆಯೇ, ಶಿಸ್ತುಕ್ರಮ ನಡೆದಿದೆಯೇ ಎಂದು ನೋಡುವುದು. ಎರಡು ನಿಮಿಷದ ಈ ಕೆಲಸವನ್ನು ಮಾಡದೆ ಗೂಗಲ್ ನಕ್ಷೆಯ ನಕ್ಷತ್ರಗಳನ್ನು ಎಣಿಸುತ್ತ ಕೂರುವವರೇ ಹೆಚ್ಚು.

ಭಾರತದಲ್ಲಿ ಅಂಥ ಪಟ್ಟಿಯೇ ಇಲ್ಲ. ಅಲೋಪತಿ, ಆಯುರ್ವೇದ, ಹೋಮಿಯೋಪತಿಗಳಿಗೆ ಇರುವಂಥ ಶಾಸನಬದ್ಧ ಮಂಡಳಿ ಕೈರೋಪ್ರಾಕ್ಟಿಕ್‌ಗೆ ನಮ್ಮಲ್ಲಿ ರಚನೆಯಾಗಿಲ್ಲ. ಆ ಹೆಸರನ್ನು ಯಾರು ಬಳಸಬಹುದು, ಯಾರು ಬಳಸಬಾರದು ಎಂದು ಹೇಳುವ ಕಾನೂನೂ ಇಲ್ಲ. ಫಿಸಿಯೋಥೆರಪಿಸ್ಟರು 2021ರ ಸಹ-ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳೂ ಫಿಸಿಯೋಥೆರಪಿ ಕೇಂದ್ರಗಳೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಗೋಡೆಯ ಮೇಲೆ ಆ ಪ್ರಮಾಣಪತ್ರ ಇದೆಯೇ ಎಂದು ನೋಡುವುದು ಒಳ್ಳೆಯದೇ. ಆದರೆ ಅದು ಸ್ಥಳಕ್ಕೆ ಸಂಬಂಧಿಸಿದ ನೋಂದಣಿಯೇ ಹೊರತು, ಒಳಗಿರುವ ವ್ಯಕ್ತಿ ಕತ್ತು ತಿರುಗಿಸುವ ವಿದ್ಯೆಯನ್ನು ಎಲ್ಲಿ, ಎಷ್ಟು ಕಾಲ ಕಲಿತರೆಂಬುದನ್ನು ಅದು ಹೇಳುವುದಿಲ್ಲ. ಹೀಗಾಗಿ ಬೇರೆ ದೇಶಗಳಲ್ಲಿ ಮಂಡಳಿ ಮಾಡುವ ವಿಚಾರಣೆಯನ್ನು ಇಲ್ಲಿ ರೋಗಿಯೇ ಮಾಡಿಕೊಳ್ಳಬೇಕಾಗಿದೆ.

ಬೆಂಗಳೂರಿನ ಒಂದು ಫಲಕದ ಮೇಲೆ 'ಡಾ.' ಎಂದೂ, ಕೆಳಗೆ ಕೈರೋಪ್ರಾಕ್ಟರ್ ಎಂದೂ ಬರೆದಿದ್ದರೆ ಅದರ ಹಿಂದೆ ಹಲವು ಬಗೆಯ ಜನರಿರಬಹುದು. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಮಾನ್ಯತೆ ಪಡೆದ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿ ಬಂದವರು ಇರಬಹುದು. ಇವರ ಸಂಖ್ಯೆ ಇಲ್ಲಿ ಕಡಿಮೆ. ಫಿಸಿಯೋಥೆರಪಿ ಪದವಿ ಪಡೆದು, ಕೀಲು ಸಡಿಲಿಸುವ ಕೈಚಿಕಿತ್ಸೆಯಲ್ಲಿ ಸ್ನಾತಕೋತ್ತರ ತರಬೇತಿ ಮಾಡಿದವರಿರಬಹುದು. ಪ್ರಕೃತಿ ಚಿಕಿತ್ಸೆಯ ಪದವೀಧರರಿರಬಹುದು. ಅಥವಾ ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದು ಮರುದಿನವೇ ಫಲಕ ಬರೆಸಿದವರೂ ಇರಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಕೈಚಿಕಿತ್ಸೆಯಲ್ಲಿ ಪಳಗಿದ ಫಿಸಿಯೋಥೆರಪಿಸ್ಟರ ಬಳಿ ಹೋಗಲು ಹಿಂಜರಿಯಬೇಕಾಗಿಲ್ಲ. ಸಾಮಾನ್ಯ ಸೊಂಟನೋವಿಗೆ ಅವರೂ ಇದೇ ತಂತ್ರಗಳನ್ನು ಬಳಸುತ್ತಾರೆ, ಜೊತೆಗೆ ವ್ಯಾಯಾಮ ಹೇಳಿಕೊಡುವುದು ಅವರ ಮೂಲ ಶಿಕ್ಷಣದಲ್ಲೇ ಇದೆ. ಆದರೆ ಅವರು ತಮ್ಮನ್ನು ಫಿಸಿಯೋಥೆರಪಿಸ್ಟ್ ಎಂದೇ ಹೇಳಿಕೊಳ್ಳಬೇಕು. ಇದ್ದ ಪದವಿಯನ್ನು ಮುಚ್ಚಿ ಇಲ್ಲದ ಪದವಿಯನ್ನು ಮುಂದೆ ಮಾಡುವವರು ಚಿಕಿತ್ಸೆಯ ಕೋಣೆಯಲ್ಲಿ ಇನ್ನೇನನ್ನು ಮುಚ್ಚುತ್ತಾರೋ ಎಂಬ ಸಂಶಯ ನ್ಯಾಯವಾದದ್ದೇ.

ವಿಚಾರಿಸುವುದು ಹೇಗೆ ಎಂಬ ಸಂಕೋಚ ನಮ್ಮಲ್ಲಿ ಬಹಳ. ವೈದ್ಯರ ಮುಂದೆ ಕುಳಿತು 'ನೀವು ಏನು ಓದಿದ್ದೀರಿ' ಎಂದು ಕೇಳುವುದು ಉದ್ಧಟತನವೆನಿಸುತ್ತದೆ. ಹಾಗಿದ್ದರೆ ಹೋಗುವ ಮೊದಲೇ ಫೋನಿನಲ್ಲಿ ಕೇಳಬಹುದು: ಪದವಿಯ ಪೂರ್ಣ ಹೆಸರೇನು, ಯಾವ ಸಂಸ್ಥೆಯದು, ಎಷ್ಟು ವರ್ಷದ ಕೋರ್ಸು, ಯಾವ ಮಂಡಳಿಯಲ್ಲಿ ನೋಂದಣಿ ಸಂಖ್ಯೆಯಿದೆ. ವಿದೇಶದಲ್ಲಿ ಓದಿದವರಾದರೆ ಅಲ್ಲಿ ಪರವಾನಗಿ ಪಡೆದಿದ್ದರೇ ಎಂದು ಕೇಳಿ, ಅಲ್ಲಿನ ಸಾರ್ವಜನಿಕ ಪಟ್ಟಿಯಲ್ಲಿ ನೋಡಬಹುದು. ನಿಜವಾಗಿ ಓದಿದವರು ಇದಕ್ಕೆ ಒಂದೇ ಉಸಿರಿನಲ್ಲಿ ಉತ್ತರಿಸುತ್ತಾರೆ. 'ಸರ್ ಬಳಿ ದೊಡ್ಡ ದೊಡ್ಡ ಸಿನಿಮಾದವರೆಲ್ಲ ಬರುತ್ತಾರೆ' ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ.

ಅರ್ಹತೆಯ ಕಾಗದಕ್ಕಿಂತ ಹೆಚ್ಚನ್ನು ಹೇಳುವುದು ಮೊದಲ ಭೇಟಿಯ ಮೊದಲ ಅರ್ಧಗಂಟೆ. ಒಳ್ಳೆಯ ಚಿಕಿತ್ಸಕರು ಕೈಹಾಕುವ ಮುನ್ನ ಕೇಳುತ್ತಾರೆ: ನೋವು ಯಾವಾಗ ಶುರುವಾಯಿತು, ಬಿದ್ದಿದ್ದಿರಾ, ಕಾಲಿಗೆ ಇಳಿಯುತ್ತದೆಯೇ, ರಾತ್ರಿ ಎಚ್ಚರವಾಗುವಷ್ಟಿದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಆಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆಯೋ ಸ್ಟಿರಾಯ್ಡೋ ನಡೆಯುತ್ತಿದೆಯೇ. ನಂತರ ಕಾಲಿನ ಬಲ, ಸ್ಪರ್ಶಜ್ಞಾನ, ಮಂಡಿಯ ಪ್ರತಿವರ್ತನೆಗಳನ್ನು ಪರೀಕ್ಷಿಸುತ್ತಾರೆ. ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಅಪಾಯದ ನೆನಪಿದೆ. ನಮ್ಮ ದೇಶದಲ್ಲಿ ಸಂಜೆಯ ಜ್ವರ ಮತ್ತು ತೂಕ ಇಳಿಕೆಯೊಡನೆ ಬರುವ ಬೆನ್ನುನೋವು ಬೆನ್ನುಮೂಳೆಯ ಕ್ಷಯವಾಗಿರಬಹುದು. ಕ್ಷಯ ಕೊರೆದ ಮೂಳೆಯನ್ನು ಬಲವಾಗಿ ಒತ್ತಿದರೆ ಅದು ಕುಸಿದು ಬೆನ್ನುಹುರಿಗೇ ಪೆಟ್ಟಾಗಬಹುದು. ಮುಟ್ಟು ನಿಂತ ಮೇಲೆ ಮೂಳೆಸವೆತ ಬಂದಿರುವ ಹೆಂಗಸರಲ್ಲಿ ಪಕ್ಕೆಲುಬು ಮುರಿಯಬಹುದು. ಸಂಧಿವಾತದ ಹಳೆಯ ರೋಗಿಗಳಲ್ಲಿ ಕತ್ತಿನ ಮೇಲಿನ ಎರಡು ಮಣಿಗಳ ಬಂಧ ಸಡಿಲವಾಗಿರಬಹುದು. ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಸಂದಿಯ ಭಾಗ ಜೋಮು ಹಿಡಿಯುವುದು, ಕಾಲಿನ ಬಲ ದಿನೇದಿನೇ ಕುಂದುವುದು, ಇವುಗಳಲ್ಲಿ ಯಾವುದು ಕಂಡರೂ ಕೈರೋಪ್ರಾಕ್ಟರ್ ಆಗಲಿ ಫಿಸಿಯೋಥೆರಪಿಸ್ಟ್ ಆಗಲಿ ಮುಟ್ಟದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕಳಿಸಬೇಕು. ಈ ಪ್ರಶ್ನೆಗಳನ್ನೇ ಕೇಳದೆ, ಒಳಗೆ ಬಂದ ಐದನೆಯ ನಿಮಿಷಕ್ಕೆ ಬೋರಲು ಮಲಗಿಸುವವರಲ್ಲಿ ಎಷ್ಟೇ ದೊಡ್ಡ ಪದವಿಯಿದ್ದರೂ ಎದ್ದು ಬರುವುದು ಲೇಸು.

ಕತ್ತಿನ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮಣಿಗಳ ಪಕ್ಕದ ತೂತುಗಳಲ್ಲಿ, ದಾರ ಪೋಣಿಸಿದಂತೆ ಮೇಲೇರಿ, ತಲೆಬುರುಡೆಯ ಬುಡದಲ್ಲಿ ಒಂದು ಬಳಸು ತೆಗೆದುಕೊಂಡು ಒಳಹೋಗುತ್ತವೆ. ಕತ್ತನ್ನು ವೇಗವಾಗಿ, ಪೂರ್ತಿ ಹೊರಳಿಸಿದಾಗ ಈ ಬಳಸಿನ ಜಾಗ ಎಳೆತಕ್ಕೆ ಸಿಗುತ್ತದೆ. ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಇದು ಅಪರೂಪ, ಮತ್ತು ಕಾರ್ಯಕಾರಣದ ಬಗ್ಗೆ ತಜ್ಞರಲ್ಲಿ ವಾದವೂ ಇದೆ. ಕೆನಡಾದ ಒಂಟಾರಿಯೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಪಾರ್ಶ್ವವಾಯುವಿಗೆ ಮುನ್ನ ಕೈರೋಪ್ರಾಕ್ಟರ್ ಬಳಿ ಹೋದವರಂತೆಯೇ ಮಾಮೂಲಿ ವೈದ್ಯರ ಬಳಿ ಹೋದವರೂ ಕಂಡುಬಂದರು. ಹರಿಯಲು ಆರಂಭಿಸಿದ ನಾಳವೇ ಕತ್ತುನೋವು, ತಲೆನೋವು ತರುವುದರಿಂದ ಆ ನೋವಿಗಾಗಿ ಜನ ಇಬ್ಬರ ಬಳಿಗೂ ಹೋಗುತ್ತಾರೆ ಎಂಬುದು ಅದರ ವಿವರಣೆ. ಅಮೆರಿಕದ ಹೃದ್ರೋಗ ಸಂಘ 2014ರ ತನ್ನ ಹೇಳಿಕೆಯಲ್ಲಿ, ಕಾರ್ಯಕಾರಣ ಸಂಬಂಧ ಸಾಬೀತಾಗದಿದ್ದರೂ ಕತ್ತು ತಿರುಗಿಸುವ ಮೊದಲು ಈ ಸಾಧ್ಯತೆಯನ್ನು ರೋಗಿಗೆ ತಿಳಿಸಬೇಕೆಂದು ಹೇಳಿತು. ಒಂಟಾರಿಯೋ ಅಧ್ಯಯನದ ವಿವರಣೆಯೇ ಸರಿಯೆಂದು ಇಟ್ಟುಕೊಂಡರೂ ಚಿಕಿತ್ಸಕರ ಹೊಣೆ ಕಡಿಮೆಯಾಗುವುದಿಲ್ಲ: ಹಿಂದೆಂದೂ ಕಾಣದಂಥ ಕತ್ತುನೋವು ಅಥವಾ ತಲೆನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ತೊಡಕು, ಮುಖದಲ್ಲಿ ಜೋಮು ಇರುವವರ ಕತ್ತನ್ನು ಅವರು ಮುಟ್ಟಬಾರದು. ಕತ್ತನ್ನು ಥಟ್ಟನೆ ತಿರುಗಿಸುವುದು ಬೇಡವೆಂದು ಹೇಳುವ ಹಕ್ಕು ರೋಗಿಗಿದೆ; ನಿಧಾನವಾಗಿ ಸಡಿಲಿಸುವ ವಿಧಾನಗಳೂ ವ್ಯಾಯಾಮಗಳೂ ಇವೆ, ಅನುಭವಿ ಚಿಕಿತ್ಸಕರು ಇದಕ್ಕೆ ಬೇಸರಿಸುವುದಿಲ್ಲ. ಗದ್ದಕ್ಕೆ ಪಟ್ಟಿ ಬಿಗಿದು ತಲೆಯನ್ನು ಜಗ್ಗುವ, ವೀಡಿಯೊಗಳಲ್ಲಿ ಮೆರೆಯುವ ತಂತ್ರಕ್ಕೆ ನಾನಂತೂ ಯಾರನ್ನೂ ಕಳಿಸಲಾರೆ.

ಮಕ್ಕಳನ್ನು ಕರೆದೊಯ್ಯುವ ಪ್ರಶ್ನೆಗೆ ಆಸ್ಟ್ರೇಲಿಯಾದ ಉದಾಹರಣೆ ಸಾಕು: ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಗೆ ಈ ಚಿಕಿತ್ಸೆ ಮಾಡಕೂಡದೆಂದು ಅಲ್ಲಿನ ಮಂಡಳಿ 2019ರಲ್ಲಿ ತಡೆಹಾಕಿ, ನಡುವೆ ಸಡಿಲಿಸಿ, ಆರೋಗ್ಯ ಸಚಿವರ ಆಕ್ಷೇಪದ ಬಳಿಕ 2024ರಲ್ಲಿ ಮತ್ತೆ ಹೇರಿತು.

ಎಕ್ಸ್‌ರೇ ಮತ್ತು ಪ್ಯಾಕೇಜು, ಇವೆರಡರ ಸುತ್ತ ಹಣದ ಲೆಕ್ಕಾಚಾರ ಹೆಚ್ಚು. ಬಂದವರಿಗೆಲ್ಲ ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿ, ಅದರ ಮೇಲೆ ಗೆರೆ ಎಳೆದು, 'ನೋಡಿ, ಇಲ್ಲಿ ಮೂರು ಡಿಗ್ರಿ ವಾಲಿದೆ' ಎಂದು ಹೆದರಿಸುವ ಪದ್ಧತಿಯಿದೆ. ನೋವೇ ಇಲ್ಲದವರ ಚಿತ್ರ ತೆಗೆದರೂ ಸವೆತ, ವಾಲಿಕೆಗಳು ಧಾರಾಳವಾಗಿ ಸಿಗುತ್ತವೆ. ಅಮೆರಿಕದ ಕೈರೋಪ್ರಾಕ್ಟಿಕ್ ಸಂಘವೇ 2017ರಲ್ಲಿ, ಅಪಾಯಸೂಚನೆಗಳಿಲ್ಲದ ಹೊಸ ಸೊಂಟನೋವಿಗೆ ಮೊದಲ ಆರು ವಾರಗಳಲ್ಲಿ ಬೆನ್ನಿನ ಚಿತ್ರ ತೆಗೆಸಬಾರದೆಂದು ತನ್ನವರಿಗೆ ಹೇಳಿತು. ಹಾಗೆಯೇ, ಮೊದಲ ದಿನವೇ ಇಪ್ಪತ್ತೋ ಮೂವತ್ತೋ ಸಲದ ಹಣವನ್ನು ಮುಂಗಡವಾಗಿ ಕಟ್ಟಿದರೆ ರಿಯಾಯಿತಿ ಎನ್ನುವ ಕಡೆ ಚಿಕಿತ್ಸೆಯ ಅಳತೆ ರೋಗಿಯ ನೋವಿನಿಂದ ಬಂದದ್ದಲ್ಲ. ಆರನೆಯ ಸಲಕ್ಕೇ ನೋವು ಹೋದರೂ ಮಿಕ್ಕ ಹಣ ಮರಳುವುದು ಕಷ್ಟ.

ನೋವಿಲ್ಲದಾಗಲೂ ಸಾಮಾನ್ಯ ಆರೈಕೆಗೆಂದು ತಿಂಗಳಿಗೊಮ್ಮೆ ಹೋಗಬೇಕೇ ಎಂದು ಕೇಳುವವರಿದ್ದಾರೆ. ಸ್ವೀಡನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. ಪದೇಪದೇ ಸೊಂಟನೋವು ಮರುಕಳಿಸುತ್ತಿದ್ದ, ಮೊದಲ ಸುತ್ತಿನ ಚಿಕಿತ್ಸೆಯಿಂದ ಚೆನ್ನಾಗಿ ಗುಣ ಕಂಡಿದ್ದ ರೋಗಿಗಳಲ್ಲಿ ಒಂದು ಗುಂಪು ನಿಗದಿತ ಅಂತರದಲ್ಲಿ ಕೈರೋಪ್ರಾಕ್ಟರ್ ಬಳಿ ಹೋಯಿತು, ಇನ್ನೊಂದು ನೋವು ಬಂದಾಗ ಮಾತ್ರ ಹೋಯಿತು. ವರ್ಷವೊಂದರಲ್ಲಿ ಮೊದಲ ಗುಂಪಿನವರಿಗೆ ನೋವು ಕಾಡಿದ ದಿನಗಳು ಸುಮಾರು 13ರಷ್ಟು ಕಡಿಮೆಯಾದವು. ಅದಕ್ಕಾಗಿ ಅವರು ಹೆಚ್ಚುವರಿಯಾಗಿ ಹೋದದ್ದು ಸರಾಸರಿ ಎರಡು ಸಲಕ್ಕೂ ಕಡಿಮೆ. ಈ ಲಾಭ ಅಂಥ ರೋಗಿಗಳಿಗೆ ಕಂಡದ್ದು. ಯಾವ ನೋವೂ ಇಲ್ಲದವರು 'ರೋಗನಿರೋಧಕ ಶಕ್ತಿ'ಗಾಗಿಯೋ 'ನರಗಳ ಶುದ್ಧಿ'ಗಾಗಿಯೋ ಹೋಗಬೇಕೆಂಬ ಪ್ರಚಾರಕ್ಕೆ ಅದರಿಂದ ಬೆಂಬಲ ಸಿಗುವುದಿಲ್ಲ.

ಎಲ್ಲವೂ ಸರಿಯೆನಿಸಿ ಚಿಕಿತ್ಸೆಗೆ ಒಪ್ಪಿದರೆ, ಯಾವ ತಂತ್ರ ಬಳಸುತ್ತಾರೆ, ಅದರಿಂದ ಏನಾಗಬಹುದು ಎಂಬ ವಿವರಣೆಯನ್ನು ಅರ್ಥವಾಗುವ ಭಾಷೆಯಲ್ಲಿ ಕೇಳಿ ಪಡೆದ ನಂತರವೇ ಸಮ್ಮತಿ ಪತ್ರಕ್ಕೆ ಸಹಿ ಹಾಕಬೇಕು. ಒಂದೆರಡು ದಿನ ಮೈಕೈ ನೋಯುವುದು ಸುಮಾರು ಅರ್ಧದಷ್ಟು ಜನರಲ್ಲಿ ಕಾಣುವ ಸಂಗತಿಯಾದ್ದರಿಂದ ಅದಕ್ಕೆ ಗಾಬರಿಯಾಗಬೇಕಿಲ್ಲ. ಕಾಲಿನಲ್ಲಿ ಹೊಸ ಬಲಹೀನತೆಯೋ ತಲೆಸುತ್ತೋ ಬಂದರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು, ಅರ್ಧಗಂಟೆ ಕುಳಿತು ಕೆಲಸ ಮಾಡುವುದು, ನೀರಿನ ಬಿಂದಿಗೆ ಎತ್ತುವುದು, ಇಂಥ ಒಂದೆರಡು ಗುರಿಗಳನ್ನು ಮೊದಲ ದಿನವೇ ಚೀಟಿಯಲ್ಲಿ ಬರೆಸಿಕೊಂಡು, ಮೂರು-ನಾಲ್ಕು ವಾರಗಳ ನಂತರ ಇಬ್ಬರೂ ಕೂತು ನೋಡುವುದು ಒಳ್ಳೆಯ ಏರ್ಪಾಡು. ಆ ಹೊತ್ತಿಗೂ ಬದಲಾವಣೆ ಕಾಣದಿದ್ದರೆ ತಮ್ಮನ್ನು ಯಾವ ಮೂಳೆತಜ್ಞರ ಅಥವಾ ನರತಜ್ಞರ ಬಳಿ ಕಳಿಸುತ್ತೀರೆಂದು ಮೊದಲೇ ಕೇಳಿಟ್ಟುಕೊಳ್ಳಬಹುದು, ಮತ್ತು ಹೊರಡುವಾಗ ಪರೀಕ್ಷೆಯ ಟಿಪ್ಪಣಿ, ಮಾಡಿದ ಚಿಕಿತ್ಸೆಯ ವಿವರ, ತೆಗೆಸಿದ್ದರೆ ಎಕ್ಸ್‌ರೇ, ಇಷ್ಟನ್ನೂ ಕೇಳಿ ಪಡೆದುಕೊಂಡರೆ ಮುಂದೆ ನೋಡುವ ವೈದ್ಯರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.